ಇಲ್ಲದ ವಿದ್ಯಾರ್ಥಿಗಳ ಮೇಡಂ

ಹೋದ ತಿಂಗಳು ನಮ್ಮ ಹಿರಿಯೂರಿನ ಕಾಲೇಜಿನಲ್ಲಿ ಒಂದು ಸಂತಾಪ ಸಭೆ ನಡೆಯಿತು. ಮೇಜಿನ ಮೇಲೆ ಮೇಡಂ ಫೋಟೋ, ಫೋಟೋಗೆ ಸೇವಂತಿಗೆ ಹಾರ. ಪ್ರಾಂಶುಪಾಲರು ಮೈಕು ಹಿಡಿದು, "ನೆರವು ಕೊಠಡಿಯ ಮೇಡಂ ಅವರ ಸೇವೆ ಮರೆಯಲಾಗದ್ದು" ಎಂದರು. ಎರಡು ನಿಮಿಷ ಎದ್ದು ನಿಂತೆವು. ಆಮೇಲೆ ಎಲ್ಲರಿಗೂ ಕಾಫಿ ಬಂತು. ನಾನು ಲೋಟ ಮುಟ್ಟಲಿಲ್ಲ. ಶಿವನ ದಯೆ, ಮುಟ್ಟಿದ್ದರೆ ಅದನ್ನು ಎಲ್ಲಿಗೆ ಎಸೆಯುತ್ತಿದ್ದೆನೋ ನನಗೇ ಗೊತ್ತಿಲ್ಲ.

ಯಾಕೆಂದರೆ ಇದೇ ಪ್ರಾಂಶುಪಾಲರು ಎರಡು ವರ್ಷದ ಹಿಂದೆ ಒಂದು ಕಾಗದಕ್ಕೆ ಸಹಿ ಹಾಕಿದ್ದರು. "ಅಸ್ತಿತ್ವದಲ್ಲಿ ಇಲ್ಲದ ವಿದ್ಯಾರ್ಥಿಗಳ ಹೆಸರಿನಲ್ಲಿ ನೆರವು ನೀಡಿರುವುದು ಕಂಡುಬಂದಿರುತ್ತದೆ" ಎಂದು ಅದರಲ್ಲಿ ಬರೆದಿತ್ತು. ಆ ಒಂದು ಸಾಲಿನ ಮೇಲೆ ಮೇಡಂ ಕೆಲಸ ಹೋಯಿತು. ಆ ಕಾಗದ ಇವತ್ತಿಗೂ ದುರ್ಗದ ಜಿಲ್ಲಾ ಕಚೇರಿಯಲ್ಲಿದೆ. ಅವರು ಸತ್ತರೂ ಅದು ಸತ್ತಿಲ್ಲ. ಆ ಇಲ್ಲದ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬಳು. ಹಾಗಾಗಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯಬೇಡ, ಸಮಾಧಾನ ಆದ ಮೇಲೆ ಬರೆ ಎಂದು ನನ್ನ ಮನೆಯವರು ಹೇಳಿದರು. ಸಮಾಧಾನ ಆದರೆ ನಾನು ಬರೆಯುವುದೇ ಇಲ್ಲ. ನನ್ನನ್ನು ನಾನು ಬಲ್ಲೆ.

ನಮ್ಮದು ಪದವಿ ಇಲ್ಲದ, ಅಂಕ ಇಲ್ಲದ ತರಗತಿ. ಬೆಳಗ್ಗೆ ಡಿಗ್ರಿ ಹುಡುಗಿಯರು ಕುಳಿತೆದ್ದ ಕೋಣೆಗಳಲ್ಲೇ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯ ತನಕ ನಮಗೆ ಹೊಲಿಗೆ, ಕಂಪ್ಯೂಟರು, ಅಂಗಡಿ ಲೆಕ್ಕ ಕಲಿಸುತ್ತಿದ್ದರು. ಹತ್ತನೇ ತರಗತಿಗೆ ಓದು ಬಿಟ್ಟವರು, ಅದನ್ನೂ ಮುಟ್ಟದವರು, ಮೊಮ್ಮಕ್ಕಳಿದ್ದವರು, ಎಲ್ಲ ಇದ್ದೆವು. ಹೀಗೆ ಓದುವವರು ನಡುವೆ ಬಿಟ್ಟುಹೋಗದಂತೆ ನೋಡಿಕೊಳ್ಳಲು ಸರ್ಕಾರದಿಂದ ಸ್ವಲ್ಪ ಹಣ ಬರುತ್ತಿತ್ತು. ಬಸ್ಸಿನ ಖರ್ಚು, ಮಕ್ಕಳನ್ನು ನೋಡಿಕೊಳ್ಳುವ ಆಯಾ, ಹೀಗೆ. ಆ ಕೆಲಸಕ್ಕೆ ಗುತ್ತಿಗೆಯ ಮೇಲೆ ಬಂದವರು ಮೇಡಂ. ಮೆಟ್ಟಿಲ ಕೆಳಗಿನ ಪೊರಕೆ ಇಡುವ ಜಾಗವನ್ನು ಗುಡಿಸಿ ಕೊಟ್ಟು, ಇದೇ ನೆರವು ಕೊಠಡಿ ಎಂದಿದ್ದರು. ತಲೆ ಬಗ್ಗಿಸದೆ ಒಳಗೆ ಹೋಗಲು ಆಗುತ್ತಿರಲಿಲ್ಲ. "ಬಗ್ಗಿ ಬರ್ರಿ, ದೇವಸ್ಥಾನ ಅಂದ್ಕಳ್ರಿ" ಎನ್ನುತ್ತಿದ್ದರು.

ಅವರೇನು ಭಕ್ತೆಯಲ್ಲ. ನಾನು ಬೆಳಗ್ಗೆ ಲಿಂಗಪೂಜೆ ಮಾಡದೆ ನೀರು ಕುಡಿಯುವವಳಲ್ಲ. ಅವರು ಗುಡಿಯ ಮುಂದೆ ಸ್ಕೂಟರಿನಲ್ಲಿ ಹೋಗುವಾಗ ಹಾರ್ನು ಹೊಡೆಯುತ್ತಿದ್ದರೇ ಹೊರತು ಕೈ ಮುಗಿಯುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ. "ನಿನ್ನ ಶಿವ ಹಾಜರಿ ತಗಳ್ಳಲ್ಲಮ್ಮ. ಯಾವಾಗ ಬಂದ್ರೂ ಸೇರಿಸ್ಕಂತಾನೆ. ನಾನು ತಗೋಬೇಕಲ್ಲ, ನಂಗೆ ಟೈಮಿಲ್ಲ" ಎಂದರು. ಒರಟು ಮಾತು. ಹೆಸರು ನೆನಪಿಡುತ್ತಿರಲಿಲ್ಲ. ನಾನು ಅವರಿಗೆ ಕಡೆಯ ತನಕ "ಕೆಂಪು ಗೇಟಿನ ಮನೆಯೋಳು". ಸೀರೆ ಜಾರದಂತೆ ಹೆಗಲಿಗೆ ಎರಡೆರಡು ಪಿನ್ನು ಚುಚ್ಚಿಕೊಂಡು, ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು ಹಿಡಿದು, ಯಾವಾಗಲೂ ಯಾರ ಮೇಲೋ ರೇಗುತ್ತಲೇ ಬರುತ್ತಿದ್ದರು. ನನ್ನ ಕೊಡೆ ಒಂದು ತಗೊಂಡು ಹೋಗಿ ವಾಪಸು ಕೊಡಲೇ ಇಲ್ಲ. ಇದನ್ನೂ ಬರೆಯಬೇಕು. ಸತ್ತವರನ್ನು ದೇವರು ಮಾಡುವುದು ನನಗೆ ಒಗ್ಗದು.

ಅವರ ಊರು ಹೊಸದುರ್ಗದ ಕಡೆ. ತಂದೆ ಕುರಿ ಕಾಯುತ್ತಿದ್ದವರು. ಪ್ರಾಂಶುಪಾಲರು ಪ್ರತಿ ಶನಿವಾರ, ಈ ವಾರ ಎಷ್ಟು ಜನ ಬಂದಿದ್ದರು ಎಂದು ಕೇಳಿದರೆ ಮೇಡಂ, ಯಾರು ಯಾರು ಬಂದಿಲ್ಲ ಎಂದು ಹೇಳಲು ಶುರು ಮಾಡುತ್ತಿದ್ದರು. "ಬಂದೋರ ಲೆಕ್ಕ ಕೇಳಿದ್ದು ನಾನು" ಎಂದು ಅವರು ಸಿಡುಕಿದರೆ, "ನಮ್ಮಪ್ಪ ಸಂಜೆ ಹಟ್ಟಿಗೆ ಕುರಿ ಬಿಡುವಾಗ ಯಾವತ್ತೂ ಎಣಿಸ್ಲಿಲ್ಲ ಸಾರ್. ಎಣಿಸಿದ್ರೆ ದೃಷ್ಟಿ ಆಗ್ತದೆ ಅಂತಿದ್ದ. ಯಾವುದು ಬಂದಿಲ್ಲ ಅಂತ ಮಾತ್ರ ನೋಡ್ತಿದ್ದ. ಅದನ್ನ ಹುಡುಕ್ಕಂಡು ಹೋಗ್ತಿದ್ದ" ಎಂದು ಇವರು ಉತ್ತರ ಕೊಡುತ್ತಿದ್ದರು.

ಅದೇ ಅವರ ಕೆಲಸದ ರೀತಿ. ಆ ಉದ್ದ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರು, ಮನೆ, ಫೋನಿನ ಕೆಳಗೆ ಇದ್ದದ್ದು ಮೂರೇ ಗೆರೆ. ಯಾರು ಬಂದಿಲ್ಲ, ಯಾಕೆ, ಏನು ಮಾಡಿದೆ. ಬಬ್ಬೂರಿನಿಂದ ಒಬ್ಬಳು ಬರುತ್ತಿದ್ದಳು, ಅಲ್ಲಿನ ಕೃಷಿ ಕೇಂದ್ರದಲ್ಲಿ ದಿನಗೂಲಿ. ಕಳೆ ತೆಗೆದು ಹೊರಡುವ ಹೊತ್ತಿಗೆ ಬಸ್ಸು ಹೋಗಿಬಿಡುತ್ತಿತ್ತು. ಮೇಡಂ ಒಂದು ದಿನ ಹೋಗಿ ಆ ಬಸ್ಸಿನ ಮುಂದೆ ಸ್ಕೂಟರು ಅಡ್ಡ ನಿಲ್ಲಿಸಿ, ಡ್ರೈವರನ ಜೊತೆ ಜಗಳವಾಡಿ, ಹತ್ತು ನಿಮಿಷ ನಿಲ್ಲುವಂತೆ ಒಪ್ಪಿಸಿ ಬಂದರು. ಮಾರಿಕಣಿವೆಯ ಡ್ಯಾಮಿನ ಕಡೆಯಿಂದ ಬರುತ್ತಿದ್ದವಳದು ಮೀನಿನ ವ್ಯಾಪಾರ. ಕೈ ವಾಸನೆ ಬರುತ್ತದೆಂದು ಕಂಪ್ಯೂಟರು ಮುಟ್ಟಲು ಹೆದರಿ ಎರಡು ವಾರ ಬರಲಿಲ್ಲ. ಅವಳಿಗೆ ಮೇಡಂ ಒಂದು ಮಾತೂ ಉಪದೇಶ ಮಾಡಲಿಲ್ಲ. ತರಗತಿ ಬಾಗಿಲಲ್ಲಿ ಬಕೆಟ್ಟು, ಸೋಪು, ಕೊಯ್ದ ನಿಂಬೆಹಣ್ಣು ಇಟ್ಟರು. ಎಲ್ಲರೂ ಕೈ ತೊಳೆದೇ ಒಳಗೆ ಬರಬೇಕು ಎಂದರು. ವಿಭೂತಿಯ ಕೈಯ ನಾನೂ ತೊಳೆದೆ, ಮೀನಿನ ಕೈಯ ಅವಳೂ ತೊಳೆದಳು.

ನನ್ನ ತೊಡಕು ನನ್ನ ಅತ್ತೆ. ಹತ್ತು ದಿನ ನಾನು ಹೋಗದಿದ್ದಾಗ ಮೇಡಂ ಮನೆಗೇ ಬಂದರು. ಅತ್ತೆ ಜಗಲಿಯ ಮೇಲೆ ಕಡ್ಲೆಕಾಯಿ ಬಿಡಿಸುತ್ತಾ ಕುಳಿತಿದ್ದರು. ಎದ್ದೇಳಲಿಲ್ಲ.

"ಮಧ್ಯಾಹ್ನ ಎರಡು ತಾಸು ಸೊಸೆ ಎಲ್ಲಿಗೆ ಹೋಗ್ತಾಳೆ ಅಂತ ಜನ ಕೇಳಿದ್ರೆ ನಾನೇನು ಹೇಳ್ಲವ್ವ?" ಎಂದರು.

"ಏನೂ ಹೇಳ್ಬ್ಯಾಡ್ರಿ. ನೀವೇ ಬಂದು ನೋಡ್ರಿ."

"ನಾನಾ? ಕಾಲೇಜಿಗಾ?"

"ಹ್ಞೂಂ. ಬೆಂಚೈತೆ, ಫ್ಯಾನೈತೆ, ಮೂರೂವರೆಗೆ ಟೀ ಐತೆ. ಸೊಸೆ ಕಿಟಕೀಲಿ ಕಾಣ್ತಾಳೆ. ಓಡಿ ಹೋದ್ರೆ ಹಿಡ್ಕಳ್ರಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಈ ವಯಸ್ನಾಗೆ ಇವಳನ್ನ ಯಾರು ಓಡಿಸ್ಕಂಡು ಹೋಗ್ತಾರೆ ಬಿಡು" ಎಂದರು. ಮಾರನೆಯ ದಿನ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದರು.

ಆಗ ನನಗೆ ಗೊತ್ತಾಯಿತು, ವರಾಂಡದ ಆ ಬೆಂಚಿನ ಮೇಲೆ ಆಗಲೇ ಐದಾರು ಜನ ಅತ್ತೆಯರು ಕುಳಿತಿದ್ದರು. ನೆರವಿನ ಹಣದಲ್ಲಿ ಅವರಿಗೆ ಟೀ, ಮಂಡಕ್ಕಿ. ಮಕ್ಕಳನ್ನು ನೋಡಿಕೊಳ್ಳಲು ಆಯಾ ಬೇಕು ಎಂದು ಮೇಲಿನವರು ಹೇಳಿದ್ದರಲ್ಲ, ಮೇಡಂ ಆಯಾಳನ್ನು ಇಟ್ಟುಕೊಳ್ಳಲೇ ಇಲ್ಲ. ಬೆಂಚಿನ ಅತ್ತೆಯರೇ ಮಕ್ಕಳನ್ನು ಆಡಿಸುತ್ತಿದ್ದರು. ಅತ್ತೆ ಬಂದರೆ ಸೊಸೆ ಬರುತ್ತಾಳೆ, ಮಗುವೂ ಬರುತ್ತದೆ. ಅತ್ತೆ ಬಾರದಿದ್ದರೆ ಮೂವರೂ ಇಲ್ಲ. ಇದು ನಮ್ಮ ಮನೆಗಳನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಹೊಳೆಯುವ ವಿಷಯ. ನನ್ನ ಅತ್ತೆ ಆ ಬೆಂಚಿನ ಯಜಮಾನಿಯೇ ಆಗಿಬಿಟ್ಟರು. ನಾನು ಜ್ವರ ಎಂದು ಮಲಗಿದ ದಿನವೂ, "ಏಳೇ, ಹೋಗಾಣ. ಮೇಡಮ್ಮ ಬೈತಾಳೆ" ಎಂದು ಎಬ್ಬಿಸಿದರು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅತ್ತೆ ಸೊಸೆ ಇಬ್ಬರೂ ಒಂದೇ ರಸ್ತೆಯಲ್ಲಿ ಮಾತಾಡಿಕೊಂಡು ನಡೆದೆವು. ಆ ನಡಿಗೆಗೆ ನಾನು ಶಿವನಿಗೆ ಇಂದಿಗೂ ಕೈ ಮುಗಿಯುತ್ತೇನೆ.

ಇನ್ನು ಸಿಟ್ಟಿನ ಭಾಗ.

ದುರ್ಗದ ಕಚೇರಿಯವರು ಒಂದು ಹೊಸ ಪದ್ಧತಿ ತಂದರು. ಯಾವ ವಿದ್ಯಾರ್ಥಿಗೆ ಯಾವ ನೆರವು ಕೊಟ್ಟಿರಿ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಬೇಕು. ತುಂಬಿದರೆ ಮಾತ್ರ ಮುಂದಿನ ಕಂತು. ತಪ್ಪೇನಿಲ್ಲ, ಕೊಟ್ಟ ಹಣ ಎಲ್ಲಿ ಹೋಯಿತೆಂದು ಕೇಳಲೇಬೇಕು. ಆದರೆ ಆ ಕಂಪ್ಯೂಟರು ಮೊದಲು ಕೇಳುತ್ತಿದ್ದದ್ದು ವಿಶ್ವವಿದ್ಯಾಲಯದ ರಿಜಿಸ್ಟರ್ ನಂಬರು. ಪದವಿ ಇಲ್ಲದ ನಮಗೆ ಅದನ್ನು ಯಾರು ಕೊಟ್ಟಿದ್ದರು? ನಂಬರು ಹಾಕದಿದ್ದರೆ ಮುಂದಿನ ಪುಟವೇ ತೆರೆಯದು. ನಮಗೆಂದು ಬಂದ ಹಣ, ನಮ್ಮನ್ನು ಸೇರಿಸಲು ಆಗದ ಕಂಪ್ಯೂಟರು. ಇದನ್ನು ಮಾಡಿದವರಿಗೆ ಮನೆಯಲ್ಲಿ ಯಾರೂ ಬುದ್ಧಿ ಹೇಳಲಿಲ್ಲವೇ?

ಮೇಡಂ ಪತ್ರ ಬರೆದರು, ಫೋನು ಮಾಡಿದರು, ಎರಡು ಸಲ ದುರ್ಗಕ್ಕೆ ಹೋಗಿ ಬಂದರು. ಪ್ರಾಂಶುಪಾಲರು ಒಂದು ಸುಲಭದ ದಾರಿ ಹೇಳಿದರು. ಬೆಳಗಿನ ಡಿಗ್ರಿ ಹುಡುಗಿಯರ ನಂಬರು ಹಾಕಿ, ನೆರವು ಅವರಿಗೆ ಕೊಟ್ಟೆವೆಂದು ತೋರಿಸಿ ಎಂದು. ನಾನು ಆಗ ಕೊಠಡಿಯ ಹೊರಗೇ ನಿಂತಿದ್ದೆ.

"ಅಂದ್ರೆ ಇವರು ಬಂದೇ ಇಲ್ಲ ಅಂತ ಬರೀಬೇಕಾ ಸಾರ್?" ಎಂದರು ಮೇಡಂ.

"ಹಂಗಲ್ಲ ಮೇಡಂ, ಹೊಂದಾಣಿಕೆ."

"ಬಿಸಿಲಾಗೆ ಬಂದು ಕುಂತೋರನ್ನ ಇಲ್ಲ ಅನ್ನೋ ಹೊಂದಾಣಿಕೆ ನಂಗೆ ಬ್ಯಾಡ ಸಾರ್."

ಕೊನೆಗೆ ಅವರು ತಮ್ಮ ಉದ್ದ ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ಜೆರಾಕ್ಸು ಮಾಡಿಸಿ ದುರ್ಗಕ್ಕೆ ಕಳಿಸಿದರು. ನಮ್ಮ ಹೆಸರು, ಮನೆ, ಫೋನು, ಎಲ್ಲ ಅದರಲ್ಲಿತ್ತು. ಅವರು ನಂಬಿದ್ದು ಅದನ್ನು. ಅದಕ್ಕಿಂತ ಹೆಚ್ಚಾಗಿ ನಂಬಿದ್ದು ನಮ್ಮನ್ನು.

ಪರಿಶೀಲನೆ ಎಂದರೆ ಮುಂಚೆ ಹೇಳದೆ ಮಾಡಬೇಕಂತೆ. ಆ ಜೆರಾಕ್ಸು ಹಿಡಿದುಕೊಂಡು ಕಚೇರಿಯವರು ಒಂದೊಂದೇ ಮನೆಗೆ ಫೋನು ಮಾಡಿದರು. ಮೇಡಂಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಬಂದು ತರಗತಿಯ ಬಾಗಿಲಲ್ಲಿ ಒಂದು ಸಲ ನಿಂತಿದ್ದರೆ ಸಾಕಿತ್ತು. ನಾವೆಲ್ಲ ಅಲ್ಲೇ ಇದ್ದೆವು, ನಮ್ಮ ಅತ್ತೆಯರೂ ಇದ್ದರು. ದುರ್ಗದಿಂದ ಹಿರಿಯೂರು ಬಸ್ಸಿಗೆ ಒಂದು ಗಂಟೆಯ ದಾರಿ. ಬರಲಿಲ್ಲ.

ಆ ವಾರ ನಮ್ಮ ಬೀದಿಯಲ್ಲೆಲ್ಲ ಒಂದೇ ಸುದ್ದಿ. ಬಿಪಿಎಲ್ ಕಾರ್ಡು ರದ್ದು ಮಾಡುತ್ತಾರಂತೆ, ಫೋನು ಮಾಡಿ ಉಪಾಯವಾಗಿ ಕೇಳುತ್ತಾರಂತೆ, ಮನೆಯಲ್ಲಿ ಯಾರಿಗಾದರೂ ಏನಾದರೂ ಸಿಗುತ್ತಿದೆ ಎಂದರೆ ಕಾರ್ಡು ಹೋದಂತೆಯೇ ಅಂತೆ. ಯಾರು ಹೇಳಿದರೋ ಗೊತ್ತಿಲ್ಲ, ಎಲ್ಲರೂ ನಂಬಿದ್ದೆವು. ನಾನು ಪೂಜೆ ಮುಗಿಸಿ ಎದ್ದಿದ್ದೆ, ಹಣೆಯ ವಿಭೂತಿ ಇನ್ನೂ ಹಸಿ. ಮನೆಯವರ ಫೋನು ಬಡಿದುಕೊಂಡಿತು. ಎತ್ತಿದೆ.

"ದುರ್ಗದಿಂದ, ಸರ್ಕಾರಿ ಕಚೇರಿಯಿಂದ. ನಿಮ್ಮ ಮನೇಲಿ ಯಾರಾದರೂ ಸರ್ಕಾರದ ನೆರವು ತಗೊಳ್ತಿದ್ದಾರಾ?"

ಅತ್ತೆ ಎದುರಿಗೆ ನಿಂತು ಎರಡೂ ಕೈಯನ್ನು ಅಡ್ಡಡ್ಡ ಆಡಿಸುತ್ತಿದ್ದರು. "ಇಲ್ಲ ಸಾರ್" ಎಂದೆ.

"ಕಾಲೇಜಲ್ಲಿ ಓದ್ತಿರೋರು?"

"ಅಯ್ಯೋ, ನಂಗೇ ನಲವತ್ತಾಯ್ತು ಸಾರ್. ಯಾವ ಕಾಲೇಜು!" ಎಂದು ನಕ್ಕೆ.

ನಕ್ಕೆ. ಇದನ್ನು ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು.

ಬಬ್ಬೂರಿನವಳ ಗಂಡ ಇಲ್ಲ ಎಂದ. ಮೀನಿನವಳು ಇಲ್ಲ ಎಂದಳು. ಒಬ್ಬೊಬ್ಬರಾಗಿ ಎಲ್ಲ ಮನೆಯವರೂ ಇಲ್ಲ, ಇಲ್ಲ ಎಂದರು. ಯಾವ ಮೋಸವೂ ನಮ್ಮ ಮನಸ್ಸಿನಲ್ಲಿರಲಿಲ್ಲ, ತಿಂಗಳ ರೇಷನ್ ಅಕ್ಕಿಯ ಚಿಂತೆ ಇತ್ತು. ಆ ಮಧ್ಯಾಹ್ನವೂ ಎಲ್ಲರೂ ಕಾಲೇಜಿಗೆ ಹೋಗಿ ಕೈ ತೊಳೆದು ಕುಳಿತೆವು, ಬೆಳಗ್ಗೆ ಹೇಳಿದ್ದಕ್ಕೂ ಮಧ್ಯಾಹ್ನ ಕುಳಿತದ್ದಕ್ಕೂ ಏನೂ ಸಂಬಂಧವೇ ಇಲ್ಲ ಎಂಬಂತೆ.

ಹದಿನೈದು ದಿನಕ್ಕೆ ಕಾಗದ ಬಂತು. ವಿದ್ಯಾರ್ಥಿಗಳೇ ಇಲ್ಲ, ಇಲ್ಲದವರ ಹೆಸರಿನಲ್ಲಿ ಹೊರಗಿನ ಮುದುಕಿಯರಿಗೆ ಟೀ ಕುಡಿಸಿದ್ದಾರೆ ಎಂದು. ಮೇಡಂ ಮೆಟ್ಟಿಲ ಕೆಳಗಿನಿಂದ ತಮ್ಮ ಚೀಲ ತಗೊಂಡು ಹೊರಟರು. ಪ್ರತಿ ಮಧ್ಯಾಹ್ನ ಆ ವರಾಂಡದಲ್ಲೇ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದ ಪ್ರಾಂಶುಪಾಲರು, ಇವರು ಇದ್ದಾರೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಒಂದು ಸಾಲು ಬರೆಯಲಿಲ್ಲ. ಅದೇ ಕಾಗದಕ್ಕೆ ಸಹಿ ಹಾಕಿ ದುರ್ಗಕ್ಕೆ ವಾಪಸು ಕಳಿಸಿದರು. ಆ ತಿಂಗಳಿಗೇ ಬೆಂಚು ಹೋಯಿತು, ಬಬ್ಬೂರಿನ ಬಸ್ಸು ನಿಲ್ಲುವುದು ಹೋಯಿತು. ಅರ್ಧ ತರಗತಿ ಖಾಲಿಯಾಯಿತು. ನಾನು ಹೇಗೋ ಕಂಪ್ಯೂಟರು ಮುಗಿಸಿದೆ. ಅತ್ತೆ ಕೈಕೋಲು ಊರಿಕೊಂಡು ಗೇಟಿನ ತನಕ ಬಂದು ಹೊರಗೆ ಕಲ್ಲಿನ ಮೇಲೆ ಕೂರುತ್ತಿದ್ದರು.

ಮೇಡಂ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿಗೆ, ತಮ್ಮ ತಂಗಿಯ ಮನೆಗೆ ಹೋದರಂತೆ. ಹೊಸದುರ್ಗದ ಒಂದು ಕಾಲೇಜಿನವರು ಕರೆದು, ಆ ಕಾಗದದ ವಿಷಯ ತಿಳಿದ ಮೇಲೆ ಬೇಡ ಎಂದರಂತೆ. ಇದು ಕಿವಿಗೆ ಬಿದ್ದ ಮೇಲೆ ನನಗೆ ಪೂಜೆಯಲ್ಲಿ ಮನಸ್ಸು ನಿಲ್ಲದಾಯಿತು. ಒಂದು ದಿನ ದುರ್ಗಕ್ಕೆ ಬಸ್ಸು, ಅಲ್ಲಿಂದ ರೈಲು ಹಿಡಿದು ಹೋದೆ. ಸ್ಟೇಷನ್ನಿನ ಎದುರಿಗೇ ತಂಗಿಯ ಅಂಗಡಿ. ಮೇಡಂ ಪೆನ್ನು, ಪುಸ್ತಕ ಜೋಡಿಸುತ್ತಿದ್ದರು. ಪಿನ್ನು ಎರಡೂ ಹೆಗಲ ಮೇಲೇ ಇದ್ದವು.

"ಏನಮ್ಮ ಕೆಂಪು ಗೇಟು, ಕ್ಲಾಸು ಇಲ್ವಾ ಇವತ್ತು?" ಎಂದರು.

ನಾನು ಕಾಲಿಗೆ ಬಿದ್ದೆ. "ಏಳೇ, ಸೀರೆ ಮಣ್ಣಾಗ್ತದೆ" ಎಂದು ರೇಗಿದರು. ಫೋನಿನ ಕಥೆ, ರೇಷನ್ ಕಾರ್ಡಿನ ಕಥೆ ಎಲ್ಲ ಹೇಳಿದೆ. ನಕ್ಕದ್ದನ್ನೂ ಹೇಳಿದೆ. ಇರಲಿ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅನ್ನುವ ಮನುಷ್ಯರಲ್ಲ ಅವರು.

"ಕಾರ್ಡಿನ ಭಯ ನಂಗೆ ಅರ್ಥ ಆಗ್ತದೆ. ಆದ್ರೆ ನಂಗೆ ಸಿಟ್ಟೈತೆ ಕಣೆ, ನಿನ್ನ ಮ್ಯಾಲೆ. ಫೋನ್ ಬಂದಾಗ ಹೆದರಿದ್ದಕ್ಕಲ್ಲ. ಕಾಗದ ಬಂದ ಮ್ಯಾಲೆ ಬಾಯಿ ಮುಚ್ಕಂಡು ಕುಂತಿದ್ದಕ್ಕೆ."

"ಬರ್ಕೊಡ್ತೀನಿ ಮೇಡಂ. ನಾನೇ ದುರ್ಗಕ್ಕೆ ಹೋಗಿ ಕೊಟ್ಟು ಬರ್ತೀನಿ."

"ಯಾವಾಗ?"

"ಈ ವಾರವೇ."

"ಸರಿ" ಎಂದು ಟೀ ತರಿಸಿಕೊಟ್ಟರು. ಬಬ್ಬೂರಿನವಳು ಮುಗಿಸಿದಳಾ ಎಂದು ಕೇಳಿದರು. ಇಲ್ಲ ಎಂದೆ. ಯಾಕೆ ಎಂದರು. ಬಸ್ಸು ಎಂದೆ. ಅವರ ಕೈ ತಾನಾಗಿ ಪಕ್ಕಕ್ಕೆ ಹೋಯಿತು, ನೋಟ್‌ಬುಕ್ಕು ಹುಡುಕಿದ ಹಾಗೆ. ಅಲ್ಲಿ ಪೆನ್ಸಿಲ್ ಡಬ್ಬಿಗಳು ಮಾತ್ರ ಇದ್ದವು.

ಆ ವಾರ ನಾನು ಹೋಗಲಿಲ್ಲ. ಈಗ ಬೇಡ, ಕಾರ್ಡಿನ ಗಲಾಟೆ ತಣ್ಣಗಾಗಲಿ ಎಂದರು ಮನೆಯವರು. ಆಮೇಲೆ ಶ್ರಾವಣ ಬಂತು, ಮಠದಲ್ಲಿ ಅಡುಗೆ ಸೇವೆ ಇತ್ತು. ಆಮೇಲೆ ಮಗಳ ಬಾಣಂತನ. ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಶಿವನ ಮುಂದೆ ಕುಳಿತು, ನನ್ನ ಕಾರ್ಡು ಉಳಿಯಿತು, ಮೊಮ್ಮಗ ಹುಷಾರಾಗಿದ್ದಾನೆ, ಅತ್ತೆಯ ಮಂಡಿ ನೋವು ಕಡಿಮೆಯಾಯಿತು ಎಂದು ಒಂದೊಂದೇ ಎಣಿಸಿ ಕೈ ಮುಗಿಯುತ್ತಿದ್ದೆ. ಮೇಡಂ ಒಂದು ಸಲವೂ ಫೋನು ಮಾಡಿ ಏನಾಯಿತು ಎಂದು ಕೇಳಲಿಲ್ಲ. ಹೋದ ತಿಂಗಳು ಎದೆ ನೋವೆಂದು ಅಂಗಡಿಯಲ್ಲೇ ಕುಸಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಸಂತಾಪ ಸಭೆಯಿಂದ ಮನೆಗೆ ಬಂದವಳು ದೇವರ ಮುಂದಿನ ಕುಂಕುಮದ ಬಟ್ಟಲು ಪಕ್ಕಕ್ಕಿಟ್ಟು, ಅಲ್ಲೇ ಕುಳಿತು ಬರೆದೆ. ನಾವು ಇಂಥಿಂಥವರು, ಇಂಥ ದಿನದಿಂದ ಇಂಥ ದಿನದ ತನಕ ಓದಿದ್ದೇವೆ, ಫೋನಿನಲ್ಲಿ ಹೇಳಿದ್ದು ಸುಳ್ಳು, ಆ ಸಾಲನ್ನು ತೆಗೆಯಿರಿ ಎಂದು. ಮಾರನೆಯ ದಿನ ಜೆರಾಕ್ಸು ಅಂಗಡಿಯಲ್ಲಿ ಕುಳಿತು ನಾನೇ ಟೈಪು ಮಾಡಿದೆ. ಹೋದರೆ ಕಾರ್ಡು ಹೋಗಲಿ ಎಂದು ಮನೆಯವರಿಗೆ ಹೇಳಿದೆ. ಸೋಮವಾರ ನಾನು, ಅತ್ತೆ, ಬಬ್ಬೂರಿನವಳು ಮೂವರೂ ದುರ್ಗದ ಕಚೇರಿಗೆ ಹೋದೆವು.

ಗುಮಾಸ್ತ ಅರ್ಜಿ ಓದಿ ಮೇಜಿನ ಮೇಲೆ ಇಟ್ಟ. "ಅವರು ತೀರ್ಕೊಂಡ್ರಲ್ಲಮ್ಮ. ಸತ್ತೋರ ಫೈಲು ಮುಗಿದಂಗೆ. ಈಗ ಆ ಸಾಲು ತೆಗ್ಸಿ ನಿಮಗೇನಾಗ್ಬೇಕು?"

ಅತ್ತೆ ಮುಂದೆ ಬಂದರು. "ಸತ್ತೋಳ ಮ್ಯಾಲೆ ಸುಳ್ಳು ಬರೆದಿಟ್ಕಂಡು ನಿಂಗೇನಾಗ್ಬೇಕಪ್ಪ?"

ಅವನು ಒಂದು ನಮೂನೆ ತೆಗೆದುಕೊಟ್ಟ. ಮೃತರೊಂದಿಗೆ ಅರ್ಜಿದಾರರ ಸಂಬಂಧ ಎಂದು ಒಂದು ಕಡೆ ಇತ್ತು. "ನೀವು ನೆಂಟರಲ್ಲವಲ್ಲ, ಖಾಲಿ ಬಿಡ್ರಿ" ಎಂದ. ಬಿಡಲಿಲ್ಲ. ವಿದ್ಯಾರ್ಥಿನಿ ಎಂದು ಬರೆದೆ.

"ರಿಜಿಸ್ಟರ್ ನಂಬರು?"

"ಕೊಟ್ಟಿಲ್ಲ."

"ನಂಬರಿಲ್ದಿದ್ರೆ ಕಂಪ್ಯೂಟರು ತಗಳಲ್ಲ ಅಮ್ಮ."

"ಅದನ್ನ ಅತ್ಲಾಗೆ ತಿರುಗಿಸ್ರಿ ಸಾರ್. ನನ್ನ ನೋಡ್ರಿ. ನಾನಿಲ್ಲಿ ನಿಂತಿದ್ದೀನಿ. ಕಾಣ್ತೀನೋ ಇಲ್ವೋ?"

ನನ್ನ ದನಿ ಅಷ್ಟು ಮೇಲೆ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಮೇಜುಗಳಲ್ಲಿ ಬರೆಯುತ್ತಿದ್ದವರು ನಿಲ್ಲಿಸಿದರು. ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ತೆಗೆದು ನನ್ನ ಮುಖ ನೋಡಿದ. ಆಮೇಲೆ ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಹೆಸರು ಹೇಳ್ರಿ" ಎಂದ.

ಹೇಳಿದೆ. ಅವನು ಬರೆದು ಮುಗಿಸುವಷ್ಟರಲ್ಲಿ ನನ್ನ ಹಿಂದಿನಿಂದ ಬಬ್ಬೂರಿನವಳು, ಅವಳನ್ನು ಯಾರೂ ಕೇಳಿರಲಿಲ್ಲ, ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಗಟ್ಟಿಯಾಗಿ ಹೇಳಿದಳು.